ವಿಶಾಲಾಕ್ಷಿ ಆಂಟಿಯನ್ನು ಕೇಳದೆ ಬಿಟ್ಟ ಮಾತು

ಗುರುವಾರ, ಆಗಸ್ಟ್ ೧೪. ಟೂವಾಂಗ್.

ಆನ್‌ಲೈನ್ ನೋಟರಿಯಾದ ಮೇಲೆ ಇವತ್ತೇ ಮೊದಲ ಕೆಲಸ. ಅದನ್ನೇ ಕೆಡಿಸಿಬಿಟ್ಟೆ.

ಅಡಿಲೇಡಿನಿಂದ ವಿಶಾಲಾಕ್ಷಿ ಆಂಟಿ ವಿಡಿಯೊದಲ್ಲಿ ಬಂದಿದ್ದರು. ತಮ್ಮ ಮನೆ ಮಾರುವ ಅಧಿಕಾರವನ್ನು ಮಗ ಉತ್ತಮ್‌ಗೆ ಕೊಡುವ ಪತ್ರಕ್ಕೆ ಸಹಿ ಹಾಕಬೇಕಿತ್ತು. ಕೋಣೆಯಲ್ಲಿ ಬೇರೆ ಯಾರಿದ್ದಾರೆ, ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ ಎಂದು ನೋಟರಿಯಾದವನು ಮೊದಲು ಕೇಳಲೇಬೇಕು. ಇಲ್ಲಿನ ಬಿಳಿಯರಾಗಿದ್ದರೆ ಕೇಳುತ್ತಿದ್ದೆ. ನಮ್ಮ ಕಡೆಯ, ಅಮ್ಮನ ವಯಸ್ಸಿನವರನ್ನು ಹಾಗೆ ಕೇಳಲು ಬಾಯಿ ಬರಲಿಲ್ಲ.

"ಊಟ ಆಯ್ತಾ ಆಂಟಿ?" ಅಂದೆ.

"ಆಯ್ತಪ್ಪ," ಅಂದರು. ಸಹಿ ಹಾಕಿದರು. ನಾನೂ ಮುದ್ರೆ ಒತ್ತಿದೆ.

ದೊಡ್ಡ ಮರ್ಯಾದಸ್ಥ ನಾನು! ಆಗ ನೋಡಿಯೂ ನೋಡದಂತೆ ಇದ್ದದ್ದು ಈಗ ಮಲಗಲು ಬಿಡುತ್ತಿಲ್ಲ. ಊಟ ಆಯ್ತಾ ಅಂದಿದ್ದಕ್ಕೂ ಅವರು ಪಕ್ಕಕ್ಕೆ ತಿರುಗಿ, ಯಾರದೋ ಮುಖ ನೋಡಿ, ಆಮೇಲೆ ಉತ್ತರ ಕೊಟ್ಟಿದ್ದರು.