ಎರಡು ಹೊತ್ತಿನ ನೀರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಅಮ್ಮನ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ಎಂದುಕೊಂಡಿದ್ದೇನೆ. ನನಗೇನು, ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಹೊಲಿಗೆ ಯಂತ್ರ ತುಳಿಯಲು ಆಗದೆ ಪಕ್ಕದ ಮನೆಯವರ ಪರದೆಗಳು ಹಾಗೇ ಬಿದ್ದಿವೆ.

ದಾಸವಾಳ ಸತ್ತುಹೋಯಿತು. ನಿನ್ನ ಗಂಡ ಗುಡ್ಡದಿಂದ ತಂದು ಹಿತ್ತಲಲ್ಲಿ ನೆಟ್ಟಿದ್ದನಲ್ಲ, ಅದೇ ಕಾಡು ದಾಸವಾಳ. "ಇದು ಈ ಮಣ್ಣಿಂದೇ ಗಿಡ ಅಮ್ಮಾ, ಉಪಚಾರ ಬೇಡ, ಅದರ ಪಾಡಿಗೆ ಬಿಡು" ಅನ್ನುತ್ತಿದ್ದ. ಅವನು ತೀರಿಹೋದ ಮೇಲೆ ಹಾಗೆ ಬಿಡಲು ನನ್ನಿಂದ ಆಗಲಿಲ್ಲ. ನೀನು ಏಳುವ ಮೊದಲೇ ದಿನಾ ಒಂದು ಬಕೆಟ್ ನೀರು ಸುರಿಯುತ್ತಿದ್ದೆ. ನಿನಗೆ ಹೇಳಲಿಲ್ಲ, ಅವನಿಗಾಗಿ ನಾನೊಬ್ಬಳೇ ಮಾಡುವ ಕೆಲಸ ಒಂದಿರಲಿ ಎಂಬ ಹೊಟ್ಟೆಕಿಚ್ಚು. ಎಲೆ ಹಳದಿಯಾಗಿ ಮೊಗ್ಗು ಉದುರತೊಡಗಿದಾಗ, ನನ್ನ ನೀರು ಸಾಲುತ್ತಿಲ್ಲ, ನೀನು ಅದರತ್ತ ತಿರುಗಿಯೂ ನೋಡುತ್ತಿಲ್ಲ ಎಂದುಕೊಂಡು ಹರಿಹಾಯ್ದೆ. "ಅವನನ್ನೂ ಉಳಿಸ್ಕೊಳ್ಳಲಿಲ್ಲ, ಇದನ್ನೂ ಉಳಿಸಲಿಲ್ಲ ನೀನು" ಅಂದೆ. ನೀನು ಒಣಗಿದ ಬಟ್ಟೆ ಮಡಚಿ, ಚೀಲ ಹಿಡಿದು ಹೊರಟೆ.

ಮೊನ್ನೆ ಸಸಿ ಮಾರುವವನನ್ನು ಕರೆಸಿದೆ. ಬುಡ ಅಗೆದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ನೀರು ಹೆಚ್ಚಾಗಿ ಸತ್ತಿದೆ ಎಂದ. ಮಹಡಿ ಮನೆಯ ಟೀಚರಮ್ಮ ಮೇಲಿನಿಂದಲೇ, "ನೀವು ಬೆಳಿಗ್ಗೆ, ಸೊಸೆ ಸಂಜೆ, ಇಬ್ಬರೂ ಹಾಕ್ತಿದ್ರಲ್ಲ. ಪಾಳಿ ಮಾಡ್ಕೊಂಡಿದೀರಿ ಅಂದ್ಕೊಂಡಿದ್ದೆ" ಎಂದರು. ಸಂಜೆಯೆಂದರೆ ನಾನು ಹೊಲಿದ ಬಟ್ಟೆ ಕೊಟ್ಟುಬರಲು ಹೋಗುತ್ತಿದ್ದ ಹೊತ್ತು, ನೀನು ಹಾಕುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಹಸಿರು ಉಳಿದಿದ್ದ ಒಂದು ತುದಿಯನ್ನು ಸಸಿಯವನು ಕತ್ತರಿಸಿ ಕುಂಡದಲ್ಲಿ ನೆಟ್ಟುಹೋಗಿದ್ದಾನೆ. ಬದುಕುತ್ತದೋ ಇಲ್ಲವೋ. ನೀರು ಹಾಕಲು ಕೈ ಹೆದರುತ್ತದೆ, ಹಾಕದಿರಲೂ ಹೆದರುತ್ತದೆ. ಬಾ ಎಂದು ಕರೆಯಲು ನನಗೆ ಮುಖವಿಲ್ಲ. ನಿನ್ನ ಕೋಣೆ ಮಾತ್ರ ನೀನು ಬಿಟ್ಟುಹೋದ ಹಾಗೇ ಇದೆ.

ಅಮ್ಮನನ್ನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅತ್ತೆ

ಇನ್ನೊಂದು ಬರೆಯಲು ಮರೆತೆ. ಇಲ್ಲ, ಮರೆತಿರಲಿಲ್ಲ. ಆ ದಿನ ಅವನು ಎದೆನೋವು ಎಂದಾಗ, ಆಸ್ಪತ್ರೆಗೆ ಹೋಗೋಣ ಎಂದು ಚಪ್ಪಲಿ ಮೆಟ್ಟಿ ನಿಂತವಳು ನೀನು. ಬರೀ ಗ್ಯಾಸು ಎಂದು ಬಿಸಿನೀರು ಕುಡಿಸಿ ಮಲಗಿಸಿದವಳು ನಾನು. ಇಷ್ಟು ದಿನ ನೀನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ನಿಮ್ಮಮ್ಮನಿಗಾದರೂ ಹೇಳು. ನಂಬದಿದ್ದರೆ ಈ ಕಾಗದ ತೋರಿಸು.