ಎರಡನೆಯ ಅರ್ಜಿದಾರ

ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ

ನಮ್ಮ ಮನೆಯ ವಾದಗಿತ್ತಿ, ವಕೀಲೆಯಾದ ಹಿರಿಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ವಾದಪತ್ರವನ್ನು ಆಮೂಲಾಗ್ರವಾಗಿ ಓದಿದೆ. ಹೆತ್ತ ತಂದೆಯನ್ನು ‘ಎರಡನೆಯ ಅರ್ಜಿದಾರ’ನೆಂದು ಕರೆದಿದ್ದೀಯೆ. ಮೊದಲನೆಯವಳು ನಿಮ್ಮಮ್ಮ. “ಅಂತೂ ಒಂದು ಕಡೆ ನನ್ನ ಹೆಸರು ಮುಂದೆ ಬಂತು ನೋಡ್ರೀ” ಎಂದು ಹಿಗ್ಗಿದಳು. ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಗಳೇ, ನನಗೆ ಸಾಕುಸಾಕಾಗಿದೆ. ಪೊಲೀಸರು ನಿನ್ನ ತಮ್ಮನನ್ನು ಮುದ್ರಣಾಲಯದಿಂದ ಕರೆದೊಯ್ದಾಗ ಅವನ ಬೆರಳುಗಳ ಮಸಿಯೂ ಆರಿರಲಿಲ್ಲ. ‘ಅಂಥವನು ನಮ್ಮ ಬಳಿ ಇಲ್ಲ’ ಎಂಬ ಅವರ ಮಾತನ್ನೇ ಇಲ್ಲಿಯ ನ್ಯಾಯಾಲಯಗಳು ಪರಮಪ್ರಮಾಣವೆಂದು ಸ್ವೀಕರಿಸಿದವು. ನೀನು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದೆ. ಅಲ್ಲಿಯವರೋ, ನಿಧಾನವನ್ನೇ ವ್ರತವಾಗಿ ಹಿಡಿದವರು! ಸರ್ಕಾರದ ಪ್ರಾಥಮಿಕ ಆಕ್ಷೇಪಣೆಯಂತೆ, ಅದಕ್ಕೆ ಉತ್ತರವಂತೆ, ಉತ್ತರಕ್ಕೊಂದು ಪ್ರತ್ಯುತ್ತರವಂತೆ. ಭಗವಂತನ ಸನ್ನಿಧಿಗೂ ಇಷ್ಟು ಬಾಗಿಲುಗಳಿರಲಾರವು.

ಮೊನ್ನೆ ಸರ್ಕಾರಿ ವಕೀಲರು ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, “ಯಜಮಾನ್ರೇ, ಅರ್ಜಿ ವಾಪಸ್ ತಗೊಳ್ಳಿ. ಹುಡುಗನ್ನ ಎಲ್ಲಿ ಹೂತಿದಾರೆ ಅಂತ ತೋರಿಸ್ತೀವಿ” ಎಂದರು. ಅಂಥ ಮಾತನ್ನು ಅಷ್ಟು ಸಲೀಸಾಗಿ ಆಡಿ, ನೀರು ಕೇಳಿ ಕುಡಿದರು.

ಫೋನಿನಲ್ಲಿ ಇದನ್ನು ತಿಳಿಸಿದರೆ ನೀನು ಏನೆಂದೆ? “ಅಪ್ಪಾ, ಸ್ವಲ್ಪ ತಡ್ಕೊಳ್ಳಿ. ಮನೆಯವರಿಗೆ ಸತ್ಯ ಹೇಳದೇ ಇರೋದೂ ಹಿಂಸೆನೇ ಅಂತ ತೀರ್ಪು ಬಂದ್ರೆ, ಮುಂದೆ ಯಾರನ್ನೂ ಹೀಗೆ ಠಾಣೆ ಬಾಗಿಲಿಂದ ಅಟ್ಟೋಕಾಗಲ್ಲ.” ಮುಂದೆ ಯಾರನ್ನೂ! ನಿನ್ನ ತಾಯಿಗೆ ಬೇಕಾಗಿರುವುದು ಕೂತು ಅಳಲು ಒಂದು ಹಿಡಿ ನೆಲ. ಅದನ್ನು ಕೊಡಿಸಲಾರದ ನಿಮ್ಮ ನ್ಯಾಯಶಾಸ್ತ್ರವು ಲೋಕವನ್ನು ಉದ್ಧರಿಸುವುದಂತೆ. ಲೋಕದ ಉಸಾಬರಿ ಸಾಕು. ಅರ್ಜಿ ಹಿಂತೆಗೆದುಕೊಳ್ಳುವ ಕಾಗದಕ್ಕೆ ನಾವಿಬ್ಬರೂ ಸಹಿ ಮಾಡಿದ್ದೇವೆ. ನಾಳೆ ವಕೀಲರು ಬಂದು ಒಯ್ಯುತ್ತಾರೆ. ಮರುಮಾತಾಡಬೇಡ.

ನಿನ್ನ ಶ್ರೇಯಸ್ಸನ್ನೇ ಬಯಸುವ, ಬೇಸತ್ತ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕೆಳಮನೆಯ ದರ್ಜಿ ಬಂದ. ನಿನ್ನೆ ಅವನ ಮಗಳನ್ನು ಕಾಲೇಜಿನ ಬಾಗಿಲಲ್ಲೇ ಜೀಪಿಗೆ ಹತ್ತಿಸಿದರಂತೆ. ಠಾಣೆಯಲ್ಲಿ ಕೇಳಿದರೆ ಅಂಥವಳು ಇಲ್ಲಿಲ್ಲವೆಂದರಂತೆ. “ಅಣ್ಣಾ, ನಿಮ್ಮ ಕೇಸು ಗೆದ್ರೆ ನಾವೂ ಗಟ್ಟಿಯಾಗಿ ಕೇಳಬಹುದಂತೆ. ಗೆಲ್ತೀರಲ್ವಾ?” ಎಂದ. ನಿಮ್ಮಮ್ಮ ಒಳಗಿನಿಂದ ಬಂದು, ಸಹಿಯಾಗಿದ್ದ ಕಾಗದವನ್ನು ಅವನೆದುರಿಗೇ ಹರಿದು, “ಗೆಲ್ತಾಳೆ. ಕೂತ್ಕೊಳ್ಳಪ್ಪ” ಎಂದಳು. ಮೇಲೆ ಬರೆದದ್ದನ್ನು ನಾನು ಹೊಡೆದುಹಾಕುವುದಿಲ್ಲ, ಅದೂ ಸತ್ಯವೇ. ಆದರೆ ವಾದ ಮಾಡು ಮಗಳೇ. ಬೇಗ ಮಾಡು.