ಅವ್ವನ ಸೀರೆಯಲ್ಲಿ ದವನ

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
೧೪-೩-೨೦೨೪

ಪ್ರೀತಿಯ ರತ್ನ,

ನಿನ್ನ ಆದಿಲಕ್ಷ್ಮಿಯ ನೆನಪುಗಳು. ನೀನು, ಮಗಳು, ಅಳಿಯ ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈ, ಮುನಿಸಿಕೊಳ್ಳಬೇಡ. ಒಂದು ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮದು ಎರಡು ಕೋಣೆಯ ಮನೆ. ಮೂವತ್ತು ವರ್ಷ ಪಾಠ ಹೇಳಿದ ನನ್ನ ಗಂಟಲು ನಿನಗೆ ಗೊತ್ತೇ ಇದೆ, ಪಿಸುಗುಟ್ಟಿದರೂ ಕೊನೆಯ ಬೆಂಚಿಗೆ ಕೇಳುತ್ತದೆ. ಸೊಸೆ ಸಹನ ಯಾವಾಗಲೂ ಒಳಗೇ ಇರುತ್ತಾಳೆ. ಅವಳ ವಿಷಯವನ್ನು ಅವಳ ಕಿವಿಗೆ ಬೀಳುವಂತೆ ಮಾತಾಡುವುದು ನನ್ನಿಂದಾಗದು.

ತುಮಕೂರಿನಿಂದ ನೀನು ಕಳಿಸಿದ ಪೆಟ್ಟಿಗೆ ಒಂದು ಶೀಸೆಯೂ ಒಡೆಯದೆ ಬಂತು. ಲ್ಯಾವೆಂಡರ್, ಮಜ್ಜಿಗೆ ಹುಲ್ಲು, ದವನ, ಮೂರು ಬಗೆಯ ಎಣ್ಣೆ, ಜೊತೆಗೆ ಆ ಪುಟ್ಟ ಮಣ್ಣಿನ ಒಲೆ. ಕೆಳಗೆ ದೀಪ, ಮೇಲೆ ಬಟ್ಟಲು, ಬಟ್ಟಲಿನ ನೀರಿಗೆ ನಾಲ್ಕು ಹನಿ ಎಣ್ಣೆ. ನಿವೃತ್ತಿಯಾದ ಮೇಲೆ ಎಲ್ಲರೂ ಕಾಶಿಗೆ ಹೋದರೆ ಇವಳು ಎಣ್ಣೆಯ ಕೋರ್ಸಿಗೆ ಸೇರಿದಳು ಎಂದು ನಿನ್ನನ್ನು ಗೇಲಿ ಮಾಡಿದ್ದೆ. ಈಗ ನನ್ನಷ್ಟು ವಿಧೇಯ ವಿದ್ಯಾರ್ಥಿನಿ ನಿನಗೆ ಸಿಕ್ಕಿರಲಾರಳು. ದಿಂಬಿಗೆ ಲ್ಯಾವೆಂಡರ್, ಸ್ನಾನದ ನೀರಿಗೆ ಮಜ್ಜಿಗೆ ಹುಲ್ಲು, ಸಂಜೆ ಒಲೆಯ ಮೇಲೆ ದವನ. ಏನೇನು ಬದಲಾವಣೆ ಕಂಡಿತು ಬರಿ, ನಮ್ಮ ಗುಂಪಿನ ಹೆಂಗಸರಿಗೆ ಓದಿ ಹೇಳುತ್ತೇನೆ ಎಂದಿದ್ದೀಯ. ಓದಿ ಹೇಳುವಂಥದ್ದು ಏನೂ ಇಲ್ಲ ರತ್ನ.

ಏನಾಯಿತು ನಿಮ್ಮ ಸೊಸೆಗೆ ಎಂದು ಕೇಳುವವರಿಗೆ ಹೇಳಲು ಒಂದು ಕಾರಣವಾದರೂ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸುತ್ತದೆ. ಗಂಡ ಹೆಂಡಿರಲ್ಲಿ ಜಗಳವಿಲ್ಲ. ಯಾರೂ ಸಾಯಲಿಲ್ಲ. ಬಂಗಾರಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗಿ, ದಿನಾ ಬೆಳಿಗ್ಗೆ ನಗುತ್ತ ರೈಲು ಹಿಡಿಯುತ್ತಿದ್ದವಳು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ರೈಲು ಬಂತು, ನಿಂತಿತು, ಹೋಯಿತು. ಇವಳು ಏಳಲಿಲ್ಲ. ಮಧ್ಯಾಹ್ನ ನಮ್ಮ ಬೀದಿಯ ಆಟೋ ಸುಬ್ರಮಣಿ ನೋಡಿ ಮನೆಗೆ ಕರೆತಂದ. "ಎನ್ನಮ್ಮಾ ಆಚ್ಚು, ಏನಾಯ್ತಮ್ಮಾ ಅಂತ ಕೇಳಿದೆ ಟೀಚರ್, ಸುಮ್ನೆ ನಗ್ತಾರೆ. ಬನ್ನಿ ಅಂದೆ, ಬಂದ್ರು. ಅಷ್ಟೇ," ಎಂದ. ಆಮೇಲೆ ಅವಳು ಕೆಲಸಕ್ಕೆ ಹೋಗಲಿಲ್ಲ.

ಕೋಲಾರದ ಡಾಕ್ಟರು ಕೊಟ್ಟ ಮಾತ್ರೆ ತಪ್ಪದೆ ನುಂಗುತ್ತಾಳೆ, ಅದನ್ನು ನಾನೇ ಕೈಗೆ ಕೊಡುತ್ತೇನೆ. ಎಣ್ಣೆ ಸೊಪ್ಪು ಏನು ಬೇಕಾದರೂ ಮಾಡಿಕೊಳ್ಳಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದಿದ್ದಾರೆ ಅವರು. ಊಟ ಇಟ್ಟರೆ ಉಣ್ಣುತ್ತಾಳೆ, ಸೊಪ್ಪು ಕೊಟ್ಟರೆ ಬಿಡಿಸುತ್ತಾಳೆ, ಮಲಗು ಅಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಒಂದು ದಿನವಾದರೂ ನನಗೆ ಎದುರು ಮಾತಾಡಲಿ ಎಂದು ದೇವರಿಗೆ ಕೈ ಮುಗಿಯುವ ಅತ್ತೆ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅವಳ ತಾಯಿ ಮುನಿನಾರಾಯಣಮ್ಮನವರಿಗೆ ನಿನ್ನ ಶೀಸೆಗಳ ಮೇಲೆ ನಂಬಿಕೆಯಿಲ್ಲ. ಕ್ಯಾಸಂಬಳ್ಳಿಯಿಂದ ಬಸ್ಸಿಳಿದು ಬರುವಾಗೆಲ್ಲ ಸೆರಗಿನ ತುಂಬ ಒಂದೆಲಗ, ಲಾವಂಚದ ಬೇರು, ಬೇವಿನ ಸೊಪ್ಪು ತರುತ್ತಾರೆ. "ಏನ್ ಎಣ್ಣೆನೋ ಏನೋ ಟೀಚರಮ್ಮ. ಎಣ್ ಮಗೂಗೆ ದಿಷ್ಟಿ ಆಗೈತೆ ಅಂದ್ರೆ ಕೇಳಾಕಿಲ್ಲ ನೀವು. ಒಗೆ ಆಕಿದ್ರೇನೆ ಅದು ಓಗೋದು," ಎಂದು ಕೆಂಡದ ಮೇಲೆ ಸಾಂಬ್ರಾಣಿ ಸುರಿದು ಮನೆಯೆಲ್ಲ ಹೊಗೆ ಮಾಡುತ್ತಾರೆ. ನಾನು ಎಣ್ಣೆ, ಅವರು ಹೊಗೆ. ಇಬ್ಬರೂ ಪೈಪೋಟಿಗೆ ಬಿದ್ದಿದ್ದೇವೆ. ಮಗ ಶಶಿಧರ ಫ್ಯಾಕ್ಟರಿಯಿಂದ ಬಂದವನು ಬಾಗಿಲಲ್ಲೇ ಕೆಮ್ಮುತ್ತ, "ಅಮ್ಮಾ, ಮನೇನ ಊದುಬತ್ತಿ ಕಾರ್ಖಾನೆ ಮಾಡಿಟ್ಟಿದ್ದೀರಲ್ಲ," ಎನ್ನುತ್ತಾನೆ. ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತು, ಶೂ ಕೂಡ ಬಿಚ್ಚದೆ ಅವಳ ಕೈ ಹಿಡಿದುಕೊಳ್ಳುತ್ತಾನೆ. ಆ ಕೈ ಇವನ ಕೈಯಲ್ಲಿ ಸುಮ್ಮನೆ ಇರುತ್ತದೆ.

ನಾನು ಮಾತ್ರ ಸಂಜೆಗೊಮ್ಮೆ ಕೇಳುತ್ತೇನೆ, ವಾಸನೆ ಹೇಗಿದೆಯಮ್ಮಾ ಎಂದು. "ಚೆನ್ನಾಗೈತೆ ಅತ್ತೆ," ಎನ್ನುತ್ತಾಳೆ. ದಿನಾ ಇದೇ ಮಾತು. ಒಂದು ಸಂಜೆ ಕೇಳಿದ ಮೇಲೆ ನೋಡುತ್ತೇನೆ, ದವನದ ಎಣ್ಣೆ ಹಾಕುವುದನ್ನೇ ಮರೆತಿದ್ದೆ, ಒಲೆಯ ಮೇಲೆ ಬರೀ ನೀರು ಕಾಯುತ್ತಿತ್ತು. ಅದಕ್ಕೂ ಚೆನ್ನಾಗೈತೆ ಎಂದಿದ್ದಳು. ಮೊದಲು ನಗು ಬಂತು, ಆಮೇಲೆ ಹಳೆಯದೊಂದು ನೆನಪಾಯಿತು. ಕೊರೊನಾ ಜ್ವರದಲ್ಲಿ ನಮ್ಮ ಮೂವರಿಗೂ ವಾಸನೆ ಹೋಗಿತ್ತಲ್ಲ, ನನಗೂ ಶಶಿಗೂ ತಿಂಗಳಲ್ಲಿ ಸರಿಹೋಯಿತು. ಇವಳಿಗೂ ಸರಿಹೋಗಿರಬೇಕು ಅಂದುಕೊಂಡಿದ್ದೆವೇ ಹೊರತು ಯಾರೂ ಕೇಳಿರಲಿಲ್ಲ. ಮೂಗೇ ಇಲ್ಲದವಳಿಗೆ ನಾವಿಬ್ಬರು ಮುದುಕಿಯರು ಎಣ್ಣೆ, ಹೊಗೆ ಎಂದು ಇಷ್ಟು ತಿಂಗಳು ಕುಣಿದೆವೇ ಎಂದು ಅಳು ಬಂತು.

ಅದಾದ ಮೇಲೆ ಹೋದ ವಾರ ಒಂದು ಘಟನೆ ನಡೆಯಿತು. ಇದನ್ನು ಯಾರಿಗೂ ಹೇಳಿಲ್ಲ, ಮೊದಲು ನಿನಗೇ ಬರೆಯಬೇಕು ಎಂದು ಬಚ್ಚಿಟ್ಟುಕೊಂಡಿದ್ದೆ. ಮುನಿನಾರಾಯಣಮ್ಮನವರು ಹೇಳದೆ ಕೇಳದೆ ಬಂದರು. ಮುಂಬಾಗಿಲಲ್ಲಿ ನನ್ನನ್ನು ಕಂಡು ಒಂದು ಮಾತಾಡಿ, ಕಾಲು ತೊಳೆಯಲು ನಲ್ಲಿಯ ಕಡೆ ಹೋದರು. ಸಹನ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಲಗಿದ್ದಲ್ಲಿಂದಲೇ, ತಾನಾಗಿ, "ಅವ್ವ ದವನ ಕುಯ್ದು ಬಂದವ್ಳೆ. ಸೀರೆ ವಾಸ್ನೆ ಬತ್ತಾ ಐತೆ," ಎಂದಳು. ಎಷ್ಟೋ ತಿಂಗಳ ಮೇಲೆ ಯಾರೂ ಕೇಳದೆ ಅವಳ ಬಾಯಿಂದ ಬಂದ ಮಾತು ಅದು. ನಲ್ಲಿಯ ಹತ್ತಿರ ಓಡಿ ಹೋಗಿ, ಇವಳ ಮಾತು ಹೇಳದೆ, ದವನ ಕೊಯ್ದು ಬಂದಿರಾ ಎಂದಷ್ಟೇ ಕೇಳಿದೆ. ಹೌದಂತೆ, ಬೆಳಿಗ್ಗೆಯಿಂದ ದವನದ ಕೊಯ್ಲಿನಲ್ಲಿದ್ದು, ಮೂರು ಗಂಟೆಯ ಬಸ್ಸು ಸಿಕ್ಕಿತೆಂದು ಸೀರೆ ಕೂಡ ಬದಲಾಯಿಸದೆ ಹತ್ತಿದ್ದರಂತೆ. ಆ ದಿನ ನಾನು ಹಾಲು ಹೆಚ್ಚು ತರಿಸಿ ಪಾಯಸ ಮಾಡಿದೆ. ಯಾಕಮ್ಮಾ ಇವತ್ತು ಎಂದು ಶಶಿ ಕೇಳಿದ, ಹೇಳಲಿಲ್ಲ. ಅವನು ಆಸೆಪಟ್ಟು ಮತ್ತೆ ಸೋಲುವುದನ್ನು ನೋಡಲಾರೆ. ಸಹನ ಎರಡು ಚಮಚ ತಿಂದು, ಚೆನ್ನಾಗೈತೆ ಅತ್ತೆ ಎಂದು ಮತ್ತೆ ಗೋಡೆಯ ಕಡೆ ತಿರುಗಿದಳು.

ಇಲ್ಲಿ ಬಿಸಿಲು ಜೋರಾಗಿದೆ. ಗಾಳಿ ಎದ್ದರೆ ಗಣಿಯ ದಿಬ್ಬದ ದೂಳೆಲ್ಲ ಮನೆಯೊಳಗೆ, ಕಿಟಕಿ ತೆಗೆಯುವ ಹಾಗಿಲ್ಲ. ನಮ್ಮ ಹಳೆಯ ಶಾಲೆಯ ಗೇಟಿಗೆ ಹಸಿರು ಬಣ್ಣ ಬಳಿದಿದ್ದಾರೆ, ನೀನು ನೋಡಿದರೆ ಬೈಯುತ್ತೀಯ. ನಿನ್ನ ಮಂಡಿ ನೋವಿಗೆ ಆ ಎಣ್ಣೆಗಳಲ್ಲಿ ಯಾವುದೂ ಆಗುವುದಿಲ್ಲವೇ? ಮೊಮ್ಮಗಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಚೆನ್ನಾಗಿ ಜಗಳವಾಡಲಿ, ಮನೆಯಲ್ಲಿ ಅವಳ ಗಲಾಟೆ ತುಂಬಿರಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಆದಿಲಕ್ಷ್ಮಿ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಬರೆದೂ ಪ್ರಯೋಜನವಿಲ್ಲ.

ಮೊನ್ನೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿದ್ದೆ. ವಾಪಸು ಬಂದರೆ ಬಾಗಿಲಲ್ಲೇ ಗ್ಯಾಸಿನ ವಾಸನೆ. ಹಾಲು ಉಕ್ಕಿ ಉರಿ ಆರಿಹೋಗಿತ್ತು, ಗ್ಯಾಸು ಹಾಗೇ ಬರುತ್ತಿತ್ತು. ದೂಳೆಂದು ನಾನೇ ಕಿಟಕಿ ಮುಚ್ಚಿ ಹೋಗಿದ್ದೆ. ಒಲೆಗೆ ಬೆನ್ನು ಹಾಕಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಸಹನ ಸೊಪ್ಪಿನ ಮೊರ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಸೊಪ್ಪೆಲ್ಲ ಬಿಡಿಸಿ ಮುಗಿದಿತ್ತು. ಆದರೂ ಎದ್ದಿರಲಿಲ್ಲ. ಆಫ್ ಮಾಡಿ, ಕಿಟಕಿ ತೆಗೆದು, ಅವಳನ್ನು ಹೊರಗೆ ಎಳೆದು ತಂದೆ. ಇನ್ನೊಂದು ಸ್ವಲ್ಪ ಹೊತ್ತು ಬ್ಯಾಂಕಿನಲ್ಲಿ ಕ್ಯೂ ಇದ್ದಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು.

"ಗೊತ್ತಾಗ್ಲಿಲ್ಲ ಅತ್ತೆ. ಜ್ವರ ಬಂದಾಗ್ನಿಂದ ನಂಗೆ ಯಾವ ವಾಸ್ನೇನೂ ಬರಾಕಿಲ್ಲ," ಎಂದಳು.

ಮತ್ತೆ ಇಷ್ಟು ದಿನ ಚೆನ್ನಾಗಿದೆ ಎನ್ನುತ್ತಿದ್ದೆಯಲ್ಲಮ್ಮಾ ಎಂದೆ.

"ನೀವು ಅಷ್ಟು ಆಸೆಯಿಂದ ಕೇಳ್ತಿದ್ರಲ್ಲ," ಎಂದಳು.

ಶಶಿಗೂ ಬೀಗಿತ್ತಿಗೂ ಅದನ್ನೇ ಹೇಳಿದೆ, ಪಾಪ, ಅವಳಿಗೆ ಮೂಗಿಲ್ಲ, ಗೊತ್ತಾಗಲಿಲ್ಲ ಎಂದು. ಇಬ್ಬರೂ ನಂಬಿದರು. ಶಶಿಗೆ ಸಮಾಧಾನವೂ ಆಯಿತು. ಸೀರೆಯ ಮಾತು ನನಗೆ ಗೊತ್ತು, ಅವಳಿಗೆ ಗೊತ್ತು, ಈಗ ನಿನಗೆ. ನಲ್ಲಿಯ ಹತ್ತಿರ ನಿಂತಿದ್ದ ತಾಯಿಯ ಸೀರೆಯಿಂದ ಒಳಕೋಣೆಗೆ ಬಂದ ದವನದ ವಾಸನೆ ಗೊತ್ತಾದವಳಿಗೆ ಬೆನ್ನ ಹಿಂದಿನ ಗ್ಯಾಸು ಗೊತ್ತಾಗಲಿಲ್ಲವೇ? ಅಥವಾ ಗೊತ್ತಾಗಿಯೂ, ಆ ಸ್ಟೇಷನ್ನಿನಲ್ಲಿ ಕೂತಂತೆ ಕೂತಿದ್ದಳೇ? ಅವತ್ತು ಪಾಯಸ ಮಾಡಿ ಕುಡಿದವಳು ನಾನು. ಈಗ ಅವಳಿಗೆ ವಾಸನೆ ಬರದೇ ಇರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೇನೆ.

ಅಂದಿನಿಂದ ಅವಳನ್ನು ಒಬ್ಬಳನ್ನೇ ಬಿಟ್ಟು ಎಲ್ಲಿಗೂ ಹೋಗಿಲ್ಲ. ಮಂಗಳವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಸೀರೆಯ ಮಾತನ್ನು ಅವರಿಗೆ ಹೇಳಲೇಬೇಕು, ಹೇಳುತ್ತೇನೆ. ಶಶಿಯೂ ಪಕ್ಕದಲ್ಲೇ ಕೂತಿರುತ್ತಾನೆ, ಅವನೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೆ ಮೊದಲು ನಿನ್ನದೊಂದು ಕಾಗದ ಬರಲಿ. ಇದನ್ನು ಅಂಟಿಸಿ ಸ್ಪೀಡ್ ಪೋಸ್ಟಿಗೆ ಕಳಿಸುತ್ತಿದ್ದೇನೆ, ನೀನೂ ಹಾಗೇ ಕಳಿಸು. ಎಣ್ಣೆ ಬೇಡ. ವಾಸನೆಯ ವಿಷಯದಲ್ಲಿ ನೀನು ಅಷ್ಟೊಂದು ಪುಸ್ತಕ ಓದಿದ್ದೀಯ. ಮೂಗು ಸತ್ತವರಿಗೂ ಬಾಗಿಲಲ್ಲಿ ತಾಯಿಯ ದನಿ ಕೇಳಿದರೆ ಸಾಕು, ಅವಳ ಸೀರೆಯ ವಾಸನೆ ಬಂದ ಹಾಗೆ ಅನಿಸುತ್ತದೆ ಎಂದು ಬರಿ. ಯಾವ ಪುಸ್ತಕದಲ್ಲೂ ಇಲ್ಲದಿದ್ದರೂ ಬರಿ.